ನೀರಿನ ಆಚೆ ಅವ್ವ

“ಡಬ್ಬಿ ಚಲೋನೇ ಅದ ರೀ. ಹಸಿರು ಲೈಟ್ ನೋಡ್ರಿ, ಹ್ಯಾಂಗ ಉರಿಲಿಕ್ಕತ್ತದ,” ಅಂದ ವೈಫೈ ರಿಪೇರಿಗೆ ಬಂದಿದ್ದ ನಿಜಾಮೋದ್ದೀನ.

“ಹೋದ ರವಿವಾರನೂ ಹಿಂಗೇ ಹೇಳಿ ಹೋದ್ರಿ,” ಅಂದ ಪಂಢರಿ ಕಾಕಾ.

ಐದನೇ ಕ್ಲಾಸಿನ ಜಿಜಾ ಗಡಿಯಾರ ನೋಡಿದಳು. ಇನ್ನು ಇಪ್ಪತ್ತೇ ನಿಮಿಷ. ಐದು ಗಂಟೆಗೆ ಪುಣೆಯಿಂದ ಅವ್ವನ ವಿಡಿಯೋ ಕಾಲ್.

ಅವರ ಊರಿದ್ದ ಔರಾದ ಕಡೆ ಎರಡು ವರ್ಷ ಮಳೆ ಇರಲಿಲ್ಲ. ಅಪ್ಪ-ಅವ್ವ ಪುಟ್ಟ ತಮ್ಮ ಗೋರಖನನ್ನು ಎತ್ತಿಕೊಂಡು ಪುಣೆಗೆ, ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಜಿಜಾ, ಅಜ್ಜಿ ಇಬ್ಬರೂ ಬೀದರಿನಲ್ಲಿ ಕಾಕಾನ ಮನೆಗೆ ಬಂದಿದ್ದರು. ಅವ್ವನಿಗೆ ರಜಾ ಅಂದರೆ ರವಿವಾರ ಒಂದೇ.

ಗೋರಖ ಈಗ ನಡೆಯಲಿಕ್ಕೆ ಕಲಿತಿದ್ದ. ಹೋದ ವಾರ ಅವ್ವ ಅದನ್ನೇ ತೋರಿಸುತ್ತಿದ್ದಳು. ಅವನು ಒಂದು ಕಾಲು ಎತ್ತಿದ, ಅಷ್ಟೇ, ನೆಟ್ ಹೋಯಿತು. ಎತ್ತಿದ ಕಾಲು ಇಳಿಯಲೇ ಇಲ್ಲ. ಸೊಂಟ ಮುರಿದು ಒಳಕೋಣೆಯ ಮಂಚ ಹಿಡಿದಿದ್ದ ಅಜ್ಜಿ, ಕೂಸು ಬಿತ್ತೇನು ಅಂತ ಇಡೀ ವಾರ ಕೇಳಿದ್ದಳು.

ನಿಜಾಮೋದ್ದೀನ ಮೊಬೈಲ್ ಹಿಡಿದು ಮನೆಯೆಲ್ಲ ಓಡಾಡಿದ. ಡಬ್ಬಿಯ ಪಕ್ಕ ನೆಟ್ ಓಡುತ್ತಿತ್ತು, ಒಳಕೋಣೆಗೆ ಹೋದರೆ ನಿಲ್ಲುತ್ತಿತ್ತು. ಇಲ್ಲೇ ಕೂತು ಮಾತಾಡ್ರಿ ಅಂದ. ಅಜ್ಜಿಯನ್ನು ಎಬ್ಬಿಸುವ ಹಾಗಿಲ್ಲ ಅಂದ ಕಾಕಾ.

“ಅಂಕಲ್, ನಿನ್ನಿ ಅಜ್ಜಿ ಹತ್ರಾನೇ ಕೂತು ಕಾರ್ಟೂನ್ ನೋಡೀನ್ರಿ,” ಅಂದಳು ಜಿಜಾ. “ಒಂದ್ ಸಲಾನೂ ನಿಂತಿಲ್ಲ.”

“ನಿನ್ನಿ ಇಲ್ಲದ್ದು ಇವತ್ತೇನು ಬಂದದ ಮನ್ಯಾಗ?”

ಜಿಜಾ ಸುತ್ತ ನೋಡಿದಳು. ರವಿವಾರಕ್ಕೊಮ್ಮೆ ಬರುವ ಟ್ಯಾಂಕರ್ ಮುಂಜಾನೆ ಬಂದಿತ್ತು. ಓಣಿಯಲ್ಲಿಟ್ಟರೆ ನೀರು ಕಳುವಾಗುತ್ತದೆ ಅಂತ ಕಾಕಾ ನಾಲ್ಕು ನೀಲಿ ಡ್ರಮ್ಮುಗಳನ್ನು ನಡುಮನೆಯಲ್ಲೇ ಸಾಲಾಗಿಟ್ಟು ತುಂಬಿಸಿದ್ದ. ಅವುಗಳ ಹಿಂದೆ, ಗೋಡೆಯ ತಗ್ಗು ಗೂಡಿನಲ್ಲಿ ವೈಫೈ ಡಬ್ಬಿ. ನಿನ್ನೆ ಡ್ರಮ್ಮುಗಳ ತಳ ಕಾಣುತ್ತಿತ್ತು.

“ನೀರು,” ಅಂದಳು ಮೆಲ್ಲಗೆ.

ಕಾಕಾ ನಕ್ಕ. ನಿಜಾಮೋದ್ದೀನ ನಗಲಿಲ್ಲ, ಹಣೆ ಬಡಿದುಕೊಂಡ. ನೀರು ವೈಫೈಯನ್ನು ತಡೆಯುತ್ತದೆ ಅಂತ ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದರಂತೆ. “ಇಂಥಾ ಬರಗಾಲದಾಗ ನೀರು ಹೆಚ್ಚಾಗಿ ತೊಂದ್ರಿ ಆಗ್ತದಂತ ಯಾರಿಗೆ ಹೊಳೀಬೇಕ್ರಿ?”

ಅವನು ಉದ್ದ ವೈರ್ ಜೋಡಿಸಿ, ಸ್ಟೂಲ್ ಹತ್ತಿ, ಡಬ್ಬಿಯನ್ನು ಮೇಲಿನ ಹಲಗೆಯ ಮೇಲೆ ಕೂಡಿಸಿದ. ಜಿಜಾ ಡ್ರಮ್ಮುಗಳನ್ನೇ ನೋಡುತ್ತಿದ್ದಳು.

“ಅಂಕಲ್, ಹಂಗಾರ ಹೋದ ವಾರ ಅವ್ವ ಆಡಿದ ಮಾತು ಈ ನೀರಾಗ ಹೋತೇನ್ರಿ?”

ನಿಜಾಮೋದ್ದೀನ ಸ್ಟೂಲಿನ ಮೇಲೆಯೇ ನಿಂತು ಯೋಚಿಸಿದ. “ಕಣ್ಣಿಗೆ ಕಾಣೋದಲ್ಲ ಬೇಟಿ. ಹೋಗಿದ್ರೂ ಹೋಗಿರಬೇಕು.”

ಐದಕ್ಕೆ ಫೋನ್ ಬಂದಾಗ ಜಿಜಾ ಒಳಕೋಣೆಯಲ್ಲಿ ಅಜ್ಜಿಯ ಮಂಚದ ಮೇಲೆಯೇ ಕೂತಿದ್ದಳು. ಗೋರಖ ಕಾಲು ಎತ್ತಿದ. ಅಜ್ಜಿ ಉಸಿರು ಬಿಗಿ ಹಿಡಿದಳು. ಕಾಲು ಇಳಿಯಿತು. ಇನ್ನೊಂದು ಎದ್ದಿತು, ಇಳಿಯಿತು. ಐದನೇ ಹೆಜ್ಜೆಗೆ ಅವನ ಮೂಗು ಇಡೀ ಮೊಬೈಲ್ ತುಂಬಿತು. ಅಜ್ಜಿ ಅವನನ್ನು ಎತ್ತಿಕೊಳ್ಳುವವಳ ಹಾಗೆ ಎರಡೂ ಕೈ ಚಾಚಿದಳು.

ಮಾತು ಮುಗಿದ ಮೇಲೆ ಜಿಜಾ ನಡುಮನೆಗೆ ಬಂದು ಒಂದು ಡ್ರಮ್ಮಿನ ಮುಚ್ಚಳ ತೆಗೆದಳು. ನೀರು ಅಲುಗದೆ ನಿಂತಿತ್ತು. ಬಗ್ಗಿ ಕಿವಿಗೊಟ್ಟಳು. ಆಮೇಲೆ ಸಪ್ಪಳವಾಗದ ಹಾಗೆ ಮುಚ್ಚಿದಳು.