ಕೂರೋ ಪಾರ್ಟು

“ಇನ್ನೂ ಬಗ್ಗು! ಬಡವಿ ಥರ ಕೂತ್ಕೋ ಅಂದ್ರೆ ಮಹಾರಾಣಿ ಥರ ಕೂತಿದೀಯಲ್ಲ!”

ಹೀಗೆ ಕೂಗಿದವನು ಚಶ್ಮಾ. ನಾಟಕದಲ್ಲಿ ಅವನು ಸಾಹುಕಾರ. ಹೆಡ್‌ಮಾಸ್ಟರ ರೂಮಿನಿಂದ ಹೊತ್ತು ತಂದ ದೊಡ್ಡ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಕಡ್ಡಿ ಗೋಡೆಗೆ ಒರಗಿ ಇನ್ನಷ್ಟು ಬಗ್ಗಿದಳು. ಕಡ್ಡಿ ಅವಳ ನಿಜವಾದ ಹೆಸರಲ್ಲ. ಆದರೆ ಅಷ್ಟು ತೆಳ್ಳಗಿರುವ ಹುಡುಗಿಯನ್ನು ಪೂರ್ತಿ ಹೆಸರು ಹಿಡಿದು ಕರೆಯುವ ತಾಳ್ಮೆ ಐದನೇ ಕ್ಲಾಸಿನಲ್ಲಿ ಯಾರಿಗೂ ಇರಲಿಲ್ಲ.

ಪಕ್ಕದಲ್ಲಿ ಚಾದರ ಹೊದ್ದು, ಗೊರಕೆ ಅಂತ ಎಲ್ಲರೂ ಕರೆಯುವ ಹುಡುಗ ಮಲಗಿದ್ದ. ಅವನದು ಬಡವಿಯ ಗಂಡನ ಪಾರ್ಟು. ನಾಟಕ ಶುರುವಾದಾಗಿನಿಂದ ಮುಗಿಯುವವರೆಗೆ ನಿದ್ದೆ ಮಾಡಬೇಕು. ಡೈಲಾಗೇ ಇಲ್ಲ ಅಂತ ಅವನಿಗೆ ಬಹಳ ಖುಷಿ.

ಚಶ್ಮಾ ಗಂಟಲು ಸರಿಮಾಡಿಕೊಂಡ. “ಎಲೈ ಹೆಂಗಸೇ, ಕೇಳು! ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು!”

“ತಪ್ಪಾಯ್ತು ಸ್ವಾಮಿ,” ಅಂದಳು ಕಡ್ಡಿ. “ಇನ್ನು ಮೇಲೆ ಮೈ ಬಗ್ಗಿಸಿ ದುಡೀತೀನಿ.”

ಡ್ರಾಮಾ ಮಿಸ್ ತಲೆ ಅಲ್ಲಾಡಿಸಿದರು. “ಡೈಲಾಗ್ ಚೆನ್ನಾಗಿದೆ. ಆದ್ರೆ ಬೊಂಬೆ ಥರ ಕೂತಿದೀಯ. ಆಕ್ಟಿಂಗ್ ಅಂದ್ರೆ ಮೊದ್ಲು ನೋಡೋದು. ಮನೆಗೆ ಹೋಗಿ ಯಾರನ್ನಾದ್ರೂ ಚೆನ್ನಾಗಿ ನೋಡ್ಕೊಂಡು ಬಾ.”

ಕಡ್ಡಿ ಮನೆಗೆ ಹಾರಿಕೊಂಡೇ ಹೋದಳು. ಇಡೀ ಕ್ಲಾಸಿನಲ್ಲಿ ಮೇನ್ ಪಾರ್ಟು ಅವಳದು! ಬೇಕೆಂದಾಗ ಅಳುವುದು, ಬೇಡವೆಂದಾಗ ನಿಲ್ಲಿಸುವುದು ಅವಳೊಬ್ಬಳಿಗೇ ಬರುತ್ತಿತ್ತು. ಅದನ್ನು ಇಡೀ ಶಾಲೆಗೆ ತೋರಿಸುವ ದಿನ ಶುಕ್ರವಾರ.

*

ಅಮ್ಮ ಕೆಲಸದಿಂದ ಬಂದು ಬಿಸಿನೀರಿನ ಟಬ್ಬಿನೊಳಗೆ ನಿಂತಿದ್ದಳು. ನಿಂತೇ ಈರುಳ್ಳಿ ಹೆಚ್ಚುತ್ತಿದ್ದಳು. ಒಮ್ಮೆ ಎಡಗಾಲಿನ ಮೇಲೆ ಭಾರ, ಒಮ್ಮೆ ಬಲಗಾಲಿನ ಮೇಲೆ. ನೋಡಿದರೆ ಕೊಕ್ಕರೆ ಅಡುಗೆ ಮಾಡುವ ಹಾಗಿತ್ತು.

“ಅಮ್ಮಾ, ಬಡವರು ಹೇಗೆ ಕೂರ್ತಾರೆ?”

ಚಾಕು ನಿಂತಿತು. “ಏನೇ ಅದು?”

“ನಾಟಕಕ್ಕೆ. ಮಿಸ್ ಯಾರನ್ನಾದ್ರೂ ನೋಡ್ಕೊಂಡು ಬಾ ಅಂದ್ರು.”

“ಅದಕ್ಕೆ ನನ್ನ ನೋಡ್ತಿದೀಯ?”

ಕಡ್ಡಿಯ ಕಿವಿ ಬಿಸಿಯಾಯಿತು. “ಹಾಗಲ್ಲಮ್ಮ...”

“ಹಾಗೇ ಇರ್ಲಿ ಬಿಡು.” ಅಮ್ಮ ನಕ್ಕುಬಿಟ್ಟಳು. “ಆದ್ರೆ ತಪ್ಪು ಮನೆಗೆ ಬಂದಿದೀಯ ನೋಡು. ಬೇರೆ ಏನು ಬೇಕಾದ್ರೂ ಕೇಳು, ಮಾಡಿ ತೋರಿಸ್ತೀನಿ. ಕೂರೋ ಪಾರ್ಟು ಮಾತ್ರ ನಂಗೆ ಬರಲ್ಲ.”

“ಅಂಗಡೀಲಿ ಕೂರಲ್ವಾ?”

ಅಮ್ಮ ಪರದೆ ಬಟ್ಟೆಯ ಅಂಗಡಿಯಲ್ಲಿ ಗಿರಾಕಿಗಳಿಗೆ ಬಟ್ಟೆ ತೋರಿಸುವವಳು. “ಕೂರೋ ಹಾಗಿಲ್ಲ ಕಣೆ. ನಾವು ಕೂತ್ರೆ ಅಂಗಡಿಗೆ ಶೋಭೆ ಅಲ್ವಂತೆ. ಓನರ್ ಕಣ್ಣಿಗೆ ಬಿದ್ರೆ ಅರ್ಧ ದಿನದ ಸಂಬಳ ಕಟ್.”

“ಗಿರಾಕಿ ಇಲ್ಲದಿದ್ದಾಗ?”

“ಗಿರಾಕಿ ಬರೋ ದಾರಿ ನೋಡ್ತಾ ನಿಂತಿರ್ಬೇಕು!”

ಕಡ್ಡಿಗೆ ಇದು ಹೊಸದು. ದಿನಾ ಅಮ್ಮ ಕಾಲು ನೆನೆಸುವುದನ್ನು ಕಂಡಿದ್ದಳು. ಕಂಡಿದ್ದಳು, ನೋಡಿರಲಿಲ್ಲ.

“ಸರಿ, ನಿಂತು ಏನು ಮಾಡ್ತೀಯ? ಅದನ್ನೇ ತೋರಿಸು.”

ಅಮ್ಮ ಟಬ್ಬಿನಿಂದ ಇಳಿದು ಕೈ ಒರೆಸಿಕೊಂಡಳು. ಮಂಚದ ಮೇಲಿದ್ದ ಹೊದಿಕೆಯನ್ನು ಅಂಗಡಿಯ ಬಟ್ಟೆ ಸುರುಳಿಯ ಹಾಗೆ, ಥಾನಿನ ಹಾಗೆ, ಸುತ್ತಿದಳು. ಮಣಿಕಟ್ಟನ್ನು ಒಂದು ಸಲ ಕೊಡವಿದಳು, ಅಷ್ಟೆ. ಹೊದಿಕೆ ಗಾಳಿಯಲ್ಲಿ ಬಿಚ್ಚಿಕೊಂಡು, ಒಂದು ಕ್ಷಣ ಹಾಗೇ ನಿಂತು, ಒಂದೇ ಒಂದು ಸುಕ್ಕಿಲ್ಲದೆ ಮಂಚದ ಮೇಲೆ ಇಳಿಯಿತು.

“ಬನ್ನಿ ಮೇಡಂ! ಈ ಬಣ್ಣ ಬೇಡ್ವಾ? ಇನ್ನೊಂದು ತೋರಿಸ್ತೀನಿ, ನೋಡೋಕೇನೂ ದುಡ್ಡು ಕೊಡ್ಬೇಕಿಲ್ಲ!”

ಕಡ್ಡಿ ಬಾಯಿ ಬಿಟ್ಟುಕೊಂಡು ನೋಡಿದಳು. ತಾನೂ ಕೊಡವಿದಳು. ಹೊದಿಕೆ ಅವಳ ತಲೆಯ ಮೇಲೇ ಬಿತ್ತು. ಇಬ್ಬರೂ ನಕ್ಕು ನಕ್ಕು ಸುಸ್ತಾದರು.

ಹೊದಿಕೆಯೊಳಗಿಂದಲೇ ಕಡ್ಡಿ ನಾಟಕದ ಕತೆ ಹೇಳಿದಳು. ಸಾಹುಕಾರನ ಗಾದೆಯನ್ನೂ ಹೇಳಿದಳು. ಹೊರಗೆ ಬಂದು ನೋಡಿದರೆ ಅಮ್ಮ ನಗುತ್ತಿರಲಿಲ್ಲ.

“ಆ ಮಾತು ಅವನು ಯಾರಿಗೆ ಹೇಳ್ತಾನೆ?”

“ನಂಗೆ. ನಾನು ತಪ್ಪಾಯ್ತು ಅಂತೀನಿ.”

“ಹೂಂ.” ಅಮ್ಮ ಮತ್ತೆ ಈರುಳ್ಳಿಗೆ ಹೋದಳು. “ಶುಕ್ರವಾರ ನಾನೂ ಬರ್ತೀನಿ. ಜೊತೆಯವಳ ಹತ್ರ ಪಾಳಿ ಬದಲಾಯಿಸ್ಕೊಂಡಿದೀನಿ.”

ಕಡ್ಡಿ ಹೊದಿಕೆಯನ್ನು ಮಡಚಿ ಮಂಚದ ಮೇಲಿಟ್ಟಳು. ಅಮ್ಮನ ಎದುರಿಗೆ ಆ ಡೈಲಾಗ್ ಹೇಳಬೇಕು. ಹೇಳಲ್ಲ ಅಂದರೆ ಪಾರ್ಟು ಬೇರೆಯವರ ಪಾಲಾಗುತ್ತದೆ.

ಅವಳು ಕಿಟಕಿಯ ಕೆಳಗಿನ ಖಾಲಿ ಜಾಗಕ್ಕೆ ಹೋಗಿ ಕೂತಳು. ಅಲ್ಲಿ ನೆಲದ ಮೇಲೆ ಹೊಲಿಗೆ ಮಿಷನ್ನಿನ ಕಾಲುಗಳ ಗುರುತು ಇನ್ನೂ ಇತ್ತು. ಅಮ್ಮ ಆಗ ಮನೆಯಲ್ಲೇ ಹೊಲಿಯುತ್ತಿದ್ದಳು, ಅದೂ ಕೂತುಕೊಂಡು! ಅಜ್ಜಿಯ ಆಪರೇಷನ್ನಿಗೆ ಅಂತ ಮಿಷನ್ ಹೋಯಿತು. ಆಮೇಲೆ ಅಜ್ಜಿಯೂ ಹೋದಳು.

*

“ಮಿಸ್, ಇವಳು ಕೂರ್ತಾನೇ ಇಲ್ಲ!” ಮರುದಿನ ಚಶ್ಮಾ ಅರಚಿಕೊಂಡ. “ನಾನು ಡೈಲಾಗ್ ಹೇಗೆ ಹೇಳ್ಲಿ?”

ಕಡ್ಡಿ ಗೋಡೆಯ ಹತ್ತಿರ ನಿಂತಿದ್ದಳು. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ಕೈಯಲ್ಲಿ ಇಲ್ಲದ ಥಾನು. ಅದನ್ನು ಗಾಳಿಗೆ ಬಿಚ್ಚಿದಳು. “ಬನ್ನಿ ಸ್ವಾಮಿ, ಇನ್ನೊಂದು ಬಣ್ಣ ತೋರಿಸ್ಲಾ?”

“ಕೂತ್ಕೋ ಅಂದ್ರೆ! ಕೂತು ಉಂಡರೆ ಕುಡಿಕೆ...”

“ಕೂತಿರೋನು ನೀನು ಕಣೋ!”

ಕ್ಲಾಸು ಹೋ ಎಂದು ನಕ್ಕಿತು. ಚಶ್ಮಾ ಕೆಳಗೆ ಬಗ್ಗಿ ತಾನು ಕೂತಿದ್ದ ಕುರ್ಚಿಯನ್ನು ನೋಡಿಕೊಂಡ.

ಮಿಸ್ ನಗಲಿಲ್ಲ. “ಇದು ಸ್ಕ್ರಿಪ್ಟಲ್ಲಿ ಇಲ್ವಲ್ಲ?”

“ನೀವೇ ನೋಡ್ಕೊಂಡು ಬಾ ಅಂದ್ರಿ ಮಿಸ್.” ಪಾರ್ಟು ಹೋಯಿತು ಅಂದುಕೊಂಡೇ ಕಡ್ಡಿ ಹೇಳಿದಳು. “ನಮ್ಮಮ್ಮನ್ನ ನೋಡ್ದೆ. ಅವಳು ಕೂರಲ್ಲ.”

ಚಾದರ ಅಲುಗಾಡಿತು. ಒಳಗಿನಿಂದ ಗೊರಕೆಯ ತಲೆ ಹೊರಬಂತು. “ಮಿಸ್, ನಾನೊಂದು ಹೇಳ್ಲಾ?”

ಎಲ್ಲರಿಗೂ ಆಶ್ಚರ್ಯ. ಅವನಿಗೆ ಡೈಲಾಗೇ ಇರಲಿಲ್ಲವಲ್ಲ!

“ನಮ್ಮಪ್ಪನೂ ಹಗಲೊತ್ತು ಮಲಗಿರ್ತಾರೆ. ಆದ್ರೆ ರಾತ್ರಿಯೆಲ್ಲಾ ಗೋಡೌನ್ ಕಾಯ್ತಾರೆ. ಅದು ಯಾರಿಗೂ ಕಾಣ್ಸಲ್ಲ.” ಇಷ್ಟು ಹೇಳಿ ತಲೆ ಮತ್ತೆ ಒಳಗೆ ಹೋಯಿತು.

ಮಿಸ್ ಸ್ಕ್ರಿಪ್ಟನ್ನು ಮಡಚಿದರು. ವೇದಿಕೆಯ ಅಂಚಿನಲ್ಲಿ ಮಕ್ಕಳ ನಡುವೆ ಕೂತರು. “ಇದನ್ನ ಬರೆಯೋವಾಗ ನಾನು ಯಾರನ್ನೂ ನೋಡ್ಲಿಲ್ಲ ಅನ್ಸುತ್ತೆ. ಕಡೇ ಸೀನ್ ಹೊಸದಾಗಿ ಮಾಡೋಣ. ಇವರ ಕಷ್ಟ ಹೋಗ್ಬೇಕು. ಏನು ಮಾಡೋಣ?”

“ಲಾಟರಿ ಹೊಡೆಸಿಬಿಡಿ ಮಿಸ್!” ಹಿಂದಿನಿಂದ ಯಾರೋ ಕೂಗಿದರು.

“ಬೇಡ, ನಾನೇ ಒಂದು ಚೀಲ ದುಡ್ಡು ಕೊಡ್ತೀನಿ,” ಅಂದ ಚಶ್ಮಾ. “ಸಾಹುಕಾರ ತಾನೇ?”

“ಚೀಲ ಖಾಲಿ ಆದ ಮೇಲೆ?” ಕೇಳಿದಳು ಕಡ್ಡಿ.

“ಇನ್ನೊಂದು ಚೀಲ.”

“ಅದೂ ಖಾಲಿ ಆದ್ರೆ?”

“ನಾನೇನು ಚೀಲದ ಫ್ಯಾಕ್ಟರಿನಾ?”

“ಚೀಲ ಯಾರು ಕೇಳಿದ್ರೋ? ಸ್ಟೂಲ್ ಕೊಡು.”

“ಸ್ಟೂಲಿಂದ ಬಡತನ ಹೋಗುತ್ತಾ?”

“ಕಾಲು ಊದಲ್ಲ. ಕಾಲು ಊದದಿದ್ರೆ ರಜೆ ಹಾಕೋದು ಬೇಡ. ರಜೆ ಹಾಕದಿದ್ರೆ ಸಂಬಳ ಕಟ್ಟಾಗಲ್ಲ.” ಕಡ್ಡಿ ಒಂದೇ ಉಸಿರಿಗೆ ಹೇಳಿದಳು. ಆಮೇಲೆ, ಯಾರಿಗೂ ಹೇಳಿರದ ಮಾತನ್ನೂ ಹೇಳಿದಳು. “ನಮ್ಮನೇಲಿ ಹೊಲಿಗೆ ಮಿಷನ್ ಇತ್ತು. ಅಜ್ಜಿ ಆಪರೇಷನ್ನಿಗೆ ಮಾರಿದ್ವಿ.”

ಚಾದರದೊಳಗಿನಿಂದ ದನಿ ಬಂತು. “ಹಾಗಾದ್ರೆ ಆಪರೇಷನ್ನು ಫ್ರೀ ಇರ್ಬೇಕು. ಆಗ ಮಿಷನ್ನೂ ಮನೇಲೇ ಇರುತ್ತೆ.”

“ಸ್ಟೂಲ್ ನಾನು ಕೊಡ್ತೀನಿ, ಓಕೆ,” ಚಶ್ಮಾ ತಲೆ ಕೆರೆದುಕೊಂಡ. “ಆದ್ರೆ ಆಸ್ಪತ್ರೆ ನಾನೊಬ್ನೇ ಕಟ್ಟೋಕಾಗುತ್ತಾ?”

“ಒಬ್ನೇ ಯಾಕೆ?” ಅಂದರು ಮಿಸ್. “ಕ್ಲಾಸಲ್ಲಿ ಇಷ್ಟು ಜನ ಇದೀರಲ್ಲ.”

ಮೂಲೆಯಲ್ಲಿ ಸುಮ್ಮನೆ ಕೂತಿದ್ದವರೆಲ್ಲ ಎದ್ದು ಬಂದರು. ಆಸ್ಪತ್ರೆ ಕಟ್ಟುವವರ ಪಾರ್ಟು ಅವರೆಲ್ಲರಿಗೂ ಸಿಕ್ಕಿತು.

*

ಶುಕ್ರವಾರ ಹಾಲ್ ಮುಕ್ಕಾಲು ತುಂಬಿತ್ತು. ವೇದಿಕೆಯ ದೀಪದ ಬೆಳಕಿಗೆ ಕಡ್ಡಿಗೆ ಯಾರ ಮುಖವೂ ಕಾಣಲಿಲ್ಲ. ಅಮ್ಮ ಬಂದಿದ್ದಾಳೋ ಇಲ್ಲವೋ ಗೊತ್ತಿಲ್ಲ.

“ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು!” ಚಶ್ಮಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಗುಡುಗಿದ.

ಕಡ್ಡಿ ಮಣಿಕಟ್ಟು ಕೊಡವಿದಳು. ಈ ಸಲ ಬಟ್ಟೆ ನಿಜವಾದದ್ದು, ಮನೆಯ ಅದೇ ಹೊದಿಕೆ. ಗಾಳಿಯಲ್ಲಿ ಬಿಚ್ಚಿಕೊಂಡು, ಒಂದು ಕ್ಷಣ ಹಾಗೇ ನಿಂತು, ಸಾಹುಕಾರನ ಕಾಲಿನಿಂದ ಕತ್ತಿನವರೆಗೆ ಸುಕ್ಕಿಲ್ಲದೆ ಇಳಿಯಿತು.

“ನಿಜ ಸ್ವಾಮಿ,” ಅಂದಳು ಕಡ್ಡಿ. “ಇಲ್ಲಿ ಕೂತಿರೋದು ಯಾರು?”

ನಗು, ಚಪ್ಪಾಳೆ. ಹಾಲಿನ ಹಿಂದಿನಿಂದ ಯಾರೋ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದರು. ಆ ಶಿಳ್ಳೆ ಕಡ್ಡಿಗೆ ಗೊತ್ತಿತ್ತು. ಬೀದಿಯಲ್ಲಿ ಆಡುತ್ತಿದ್ದಾಗ ಊಟಕ್ಕೆ ಕರೆಯುವ ಶಿಳ್ಳೆ ಅದು.

ನಾಟಕ ಮುಗಿದು ಹಾಲಿನ ದೀಪ ಹತ್ತಿದಾಗ ಅಮ್ಮ ಕಂಡಳು. ಮುಂದೆ ಖಾಲಿ ಕುರ್ಚಿಗಳಿದ್ದರೂ ಹಿಂದಿನ ಗೋಡೆಯ ಹತ್ತಿರ ನಿಂತಿದ್ದಳು. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು.

ಕಡ್ಡಿ ಓಡಲಿಲ್ಲ. ತಿರುಗಿ ಹೆಡ್‌ಮಾಸ್ಟರ ಕುರ್ಚಿಯನ್ನು ಎಳೆಯತೊಡಗಿದಳು.

“ಏಯ್, ಅದು ನನ್ನ ಕುರ್ಚಿ!” ಅಂದ ಚಶ್ಮಾ. ಕುರ್ಚಿ ಕಡ್ಡಿಗಿಂತ ಭಾರವಾಗಿತ್ತು. ಅವನು ಒಂದು ಸಲ ಅಮ್ಮನ ಕಡೆ ನೋಡಿದ. ಆಮೇಲೆ ಇನ್ನೊಂದು ಕಡೆ ತಾನು ಹಿಡಿದ. ಇಬ್ಬರೂ ಅದನ್ನು ಹಿಂದಿನ ಗೋಡೆಯವರೆಗೆ ಹೊತ್ತು ತಂದರು.

“ಅಯ್ಯೋ, ಹೆಡ್‌ಮಾಸ್ಟ್ರ ಕುರ್ಚಿ ಕಣೆ!” ಅಮ್ಮ ಗೋಡೆಗೆ ಇನ್ನಷ್ಟು ಅಂಟಿಕೊಂಡಳು. “ಯಾರಾದ್ರೂ ನೋಡ್ತಾರೆ.”

“ನೋಡ್ಲಿ ಬಿಡಮ್ಮ.”

ಅಮ್ಮ ಮೊದಲು ಅಂಚಿನಲ್ಲಿ ಕೂತಳು, ಯಾವಾಗ ಬೇಕಾದರೂ ಏಳುವವಳ ಹಾಗೆ. ಯಾರೂ ಏನೂ ಅನ್ನಲಿಲ್ಲ. ನಿಧಾನವಾಗಿ ಬೆನ್ನು ಹಿಂದಕ್ಕೆ ಹೋಗಿ ಕುರ್ಚಿಗೆ ತಾಗಿತು. ಕೈಗಳು ಎರಡೂ ಕಡೆ ಇಳಿದವು. ಆಮೇಲೆ ಅಮ್ಮ ಸುತ್ತ ಒಮ್ಮೆ ನೋಡಿ, ಕಾಲ ಮೇಲೆ ಕಾಲು ಹಾಕಿದಳು.

“ಮಹಾರಾಣಿ ಥರ ಕೂತಿದಾರಲ್ಲೇ!” ಚಶ್ಮಾ ಪಿಸುಗುಟ್ಟಿದ.

ಕಡ್ಡಿ ನೋಡುತ್ತಿದ್ದಳು. ಕೂರೋ ಪಾರ್ಟು ಬರಲ್ಲ ಅಂತ ಅಮ್ಮ ಹೇಳಿದ್ದು ಶುದ್ಧ ಸುಳ್ಳು.