ಹೆದ್ದಾರಿ ಬೋರ್ಡಿನ ಲೇನಿ

ಲೇನಿ ಮಹಡಿಯಿಂದ ಕೂತುಕೊಂಡೇ ಇಳಿಯುತ್ತಿದ್ದಳು. ಬಲಗಾಲನ್ನು ಮುಂದೆ ನೆಟ್ಟಗೆ ಚಾಚಿ, ಒಂದು ಮೆಟ್ಟಿಲು, ಆಮೇಲೆ ಇನ್ನೊಂದು ಮೆಟ್ಟಿಲು. ಬ್ರಿನ್‌ಗೆ ಮೊದಲು ನಗು ಬಂತು. ಅಕ್ಕನ ಮುಖ ನೋಡಿದ ಮೇಲೆ ನಗು ನಿಂತುಹೋಯಿತು.

"ಫ್ರೀಜರ್‌ನಲ್ಲಿ ಜೋಳದ ಪ್ಯಾಕೆಟ್ ಇದೆ, ತಗೊಂಡ್ ಬಾ," ಎಂದಳು ಲೇನಿ. "ಅಪ್ಪ ಅಮ್ಮ ಚರ್ಚಿಂದ ಬರೋದರೊಳಗೆ."

ಬ್ರಿನ್ ಓಡಿಹೋಗಿ ತಂದಳು. ಲೇನಿ ಅದನ್ನು ಮಂಡಿಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಮಂಡಿ ಬನ್ನಿನ ಹಾಗೆ ಊದಿತ್ತು.

"ಯಾರಿಗೂ ಹೇಳ್ಬೇಡ."

"ಡಾಕ್ಟರ್‌ಗೂ?"

"ಡಾಕ್ಟರ್‌ಗೆ ಹೇಳಿದ್ರೆ ಕೋಚ್‌ಗೆ ಗೊತ್ತಾಗುತ್ತೆ. ಕೋಚ್ ಆಡಿಸಲ್ಲ. ನಾನು ಆಡದಿದ್ರೆ ಟ್ರಕ್ ಹೋಗುತ್ತೆ. ಅಮ್ಮ ಕೆಲಸಕ್ಕೆ ಹೇಗೆ ಹೋಗ್ತಾಳೆ, ನೀನೇ ಹೇಳು."

ಅಮ್ಮ ಕೆಲಸ ಮಾಡುವ ವೃದ್ಧಾಶ್ರಮ ಇಪ್ಪತ್ತು ಮೈಲಿ ಆಚೆ. ಹಳೇ ಕಾರು ಜುಲೈನಲ್ಲಿ ಕೆಟ್ಟು ನಿಂತಿದ್ದು ಮತ್ತೆ ಎದ್ದಿರಲಿಲ್ಲ. ನೆಬ್ರಾಸ್ಕಾದ ನಮ್ಮಂಥ ಊರುಗಳಲ್ಲಿ ಗಾಡಿ ಇಲ್ಲದವರು ಮನೆಯಲ್ಲೇ ಕೂರಬೇಕು.

ಆ ಕೆಂಪು ಪಿಕಪ್ ಟ್ರಕ್ ಮನೆಗೆ ಬಂದದ್ದು ಲೇನಿಯ ಹೆಸರಿನಿಂದ. ಅವಳು ಊರಿನ ಕಾಲೇಜಿನಲ್ಲಿ ಎರಡನೇ ವರ್ಷ, ವಾಲಿಬಾಲ್ ಆಟಗಾರ್ತಿ. ನಮ್ಮಲ್ಲಿ ಹುಡುಗಿಯರ ವಾಲಿಬಾಲ್ ಅಂದರೆ ಅಜ್ಜಂದಿರೂ ಟಿಕೆಟ್‌ಗೆ ಕ್ಯೂ ನಿಲ್ಲುತ್ತಾರೆ. ಹಿಂದೆಲ್ಲ ಕಾಲೇಜು ಆಟಗಾರರು ಅಂಗಡಿಯವನು ಪುಕ್ಕಟೆ ಕೊಟ್ಟ ಪಿಜ್ಜಾ ತಿಂದರೂ ತಪ್ಪಾಗುತ್ತಿತ್ತು. ಈಗ ಹಾಗಲ್ಲ. ತಮ್ಮ ಹೆಸರು, ಫೋಟೋ ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದು. ಆದರೆ ಒಪ್ಪಂದವನ್ನೆಲ್ಲ ಬರೆದು ಕಾಲೇಜಿನ ಆಫೀಸಿಗೆ ತೋರಿಸಬೇಕು. ಜೊತೆಗೆ, ಜಾಹೀರಾತಿನವರು ಕೊಡುವುದು ಫೋಟೋಗೆ ಮಾತ್ರ. ಆಡಿದರೆ ಕೊಡುತ್ತೇನೆ, ಗೆದ್ದರೆ ಕೊಡುತ್ತೇನೆ ಎಂದು ಯಾರೂ ಷರತ್ತು ಹಾಕುವಂತಿಲ್ಲ.

ಟ್ರಕ್ ಮಾರುವ ಸ್ಟ್ರೋಬೆಲ್ ಅವರು ಆಗಸ್ಟ್‌ನಲ್ಲಿ ಮನೆಗೆ ಬಂದಿದ್ದರು. ಅಮ್ಮ ಮಾಡಿದ ಏಪ್ರಿಕಾಟ್ ಹಣ್ಣು ತುಂಬಿದ ಕೊಲಾಚೆ ಬನ್ನು ಮೂರು ತಿಂದು, ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಲೇನಿಯ ಫೋಟೋ ಹೆದ್ದಾರಿಯ ಬೋರ್ಡಿನಲ್ಲಿ, ಮೇ ತಿಂಗಳವರೆಗೆ ಟ್ರಕ್ ಅವಳ ಕೈಯಲ್ಲಿ. ಕಾಗದದಲ್ಲಿ ಇದ್ದದ್ದು ಅಷ್ಟೇ. ಹೊರಡುವಾಗ ಬಾಗಿಲಲ್ಲಿ ಅಪ್ಪನ ಕೈ ಹಿಡಿದುಕೊಂಡು, "ಅವಳು ಆಟದ ಅಂಗಳದಲ್ಲಿ ಇರೋವರೆಗೂ ಟ್ರಕ್ ನಿಮ್ಮನೇಲಿ. ಅರ್ಥ ಆಯ್ತಲ್ಲ, ವರ್ನ್?" ಎಂದರು. ಅಪ್ಪ ಕೈ ಕುಲುಕಿದರು. ಅಪ್ಪನ ಲೆಕ್ಕದಲ್ಲಿ ಕಾಗದ ಊರಾಚೆಯವರಿಗೆ, ಕುಲುಕಿದ ಕೈ ಊರಿನವರಿಗೆ. ಧಾನ್ಯದ ಗೋದಾಮಿನಲ್ಲಿ ಮೂವತ್ತು ವರ್ಷ ಅವರು ವ್ಯವಹಾರ ಮಾಡಿದ್ದೇ ಹಾಗೆ. ಆ ಮಾತು ಕಾಲೇಜಿನ ಆಫೀಸಿಗೆ ಹೋಗಲೇ ಇಲ್ಲ.

ಬೋರ್ಡಿನಲ್ಲಿ ಲೇನಿ ಮನೆಯಷ್ಟು ಎತ್ತರ ಇದ್ದಳು. ಬಲಗೈ ಮೇಲೆತ್ತಿ, ಇನ್ನೇನು ಚೆಂಡಿಗೆ ಹೊಡೆಯಬೇಕು ಅನ್ನುವ ಹಾಗೆ. ದಿನಾ ಬೆಳಿಗ್ಗೆ ಸ್ಕೂಲ್ ಬಸ್ಸು ಅಲ್ಲಿಗೆ ಬಂದಾಗ ಮಕ್ಕಳೆಲ್ಲ ಅಂಗೈಯನ್ನು ಕಿಟಕಿ ಗಾಜಿಗೆ ಒತ್ತಿ ಅವಳಿಗೆ ಹೈ-ಫೈವ್ ಕೊಡುತ್ತಿದ್ದರು. ಅದನ್ನು ಶುರು ಮಾಡಿದ್ದು ಬ್ರಿನ್. ಹಿಂದಿನ ಸೀಟಿನ ಕಾರ್ಸನ್ ಅವಳನ್ನು "ಏ ಟ್ರಕ್ಕಿನ ತಂಗಿ" ಎಂದು ಕರೆಯುತ್ತಿದ್ದ. ಬ್ರಿನ್‌ಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಲೇನಿ ಕೂತು ಮೆಟ್ಟಿಲಿಳಿದ ಆ ಭಾನುವಾರ ಆದಮೇಲೆ ಖುಷಿ ಇರಲಿಲ್ಲ. ಮುಂದಿನ ಎರಡು ಭಾನುವಾರವೂ ಲೇನಿ ಆಟಗಾರ್ತಿಯರಿರುವ ಕಾಲೇಜು ಹಾಸ್ಟೆಲಿಂದ ಮನೆಗೆ ಬಂದಳು, ಕೂತುಕೊಂಡೇ ಮೆಟ್ಟಿಲು ಇಳಿದಳು. ಬ್ರಿನ್ ಜೋಳದ ಪ್ಯಾಕೆಟ್ ತಂದಳು. ಬ್ರಿನ್‌ಗೆ ಊಟ ಸೇರುತ್ತಿರಲಿಲ್ಲ. ಸ್ಕೂಲಿನಲ್ಲಿ ಅವಳಿಗೆ ಇಷ್ಟದ ಮಾಂಸ-ಕಾಳಿನ ಚಿಲ್ಲಿ ಸಾರು ಮತ್ತು ದಾಲ್ಚಿನ್ನಿ ರೋಲ್ ಕೊಟ್ಟ ದಿನವೂ ಅರ್ಧ ಬಿಟ್ಟಳು.

ಶನಿವಾರ ಕಾಲೇಜಿನ ಜಿಮ್‌ನಲ್ಲಿ ಚಿಕ್ಕ ಮಕ್ಕಳಿಗೆ ಕ್ಯಾಂಪ್ ಇತ್ತು. ಬ್ರಿನ್ ಕೂಡ ಹೋಗಿದ್ದಳು. ಲೇನಿ ಜಿಗಿದು ಹೊಡೆಯುವುದನ್ನು ತೋರಿಸುತ್ತಿದ್ದಳು. ಎರಡು ಸಲ ಎಡಗಾಲಿನ ಮೇಲೇ ಇಳಿದಳು. ಮೂರನೇ ಸಲ ಎರಡೂ ಕಾಲು ನೆಲಕ್ಕೆ ತಾಗಿದವು, ಅವಳ ಕೈ ಹೋಗಿ ನೆಟ್ ಹಿಡಿದುಕೊಂಡಿತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಲೇನಿ ನಗುತ್ತಿದ್ದಳು, ಆದರೆ ತುಟಿ ಬಿಳುಚಿಕೊಂಡಿತ್ತು. "ಇನ್ನೊಂದ್ಸಲ" ಎಂದು ಯಾರೋ ಕೂಗಿದರು.

ಆಟಗಾರರ ಗಾಯ ನೋಡಿಕೊಳ್ಳುವ ರೋವೀನಾ ಮೂಲೆಯಲ್ಲಿ ಕೂತು ಯಾವುದೋ ಮಗುವಿನ ಬೆರಳಿಗೆ ಟೇಪ್ ಸುತ್ತುತ್ತಿದ್ದರು. ಬ್ರಿನ್ ಅವರ ಹತ್ತಿರ ಹೋಗಿ ನಿಂತಳು.

"ಲೇನಿ ಮನೇಲಿ ಕೂತ್ಕೊಂಡು ಮೆಟ್ಟಿಲು ಇಳೀತಾಳೆ," ಎಂದಳು.

ರೋವೀನಾ ಟೇಪನ್ನು ಕೆಳಗಿಟ್ಟರು. "ಎಷ್ಟು ದಿನದಿಂದ?"

"ಮೂರು ಭಾನುವಾರ ಆಯ್ತು."

ರೋವೀನಾ ಎದ್ದು ಸೀಟಿ ಊದಿದರು. ಲೇನಿ ಮೊದಲು ಅವರನ್ನು ನೋಡಿದಳು, ಆಮೇಲೆ ಅವರ ಪಕ್ಕದಲ್ಲಿದ್ದ ಬ್ರಿನ್‌ಳನ್ನು.

ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್ ಮುಕ್ಕಾಲು ಹರಿದಿತ್ತು. ಆಪರೇಷನ್ ಆಗಲೇಬೇಕು, ಈ ವರ್ಷ ಆಟ ಮುಗಿಯಿತು, ಮುಂದಿನ ವರ್ಷದ ಮಾತು ಆಮೇಲೆ ಎಂದರು ಡಾಕ್ಟರು. ಮನೆಗೆ ಬರುವ ದಾರಿಯಲ್ಲಿ ಲೇನಿ ಒಂದೇ ಒಂದು ಸಲ ಬಾಯಿ ತೆರೆದಳು. "ಒಂದು ಗುಟ್ಟು ಇಟ್ಕೊಳ್ಳೋಕೆ ಆಗಲಿಲ್ವಾ ನಿಂಗೆ?" ಅದಾದ ಮೇಲೆ ತಂಗಿಯ ಜೊತೆ ಮಾತು ಬಿಟ್ಟಳು.

ಗುರುವಾರ ಸ್ಟ್ರೋಬೆಲ್ ಬಂದರು. ಹೂವು ತಂದಿದ್ದರು. ಟೋಪಿ ತೆಗೆದು ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. "ಮಾತು ಅಂದ್ರೆ ಮಾತು ಅಲ್ವಾ, ವರ್ನ್," ಎಂದರು. ಅಪ್ಪ ಗೋಡೆಯ ಮೊಳೆಯಿಂದ ಟ್ರಕ್ಕಿನ ಬೀಗದ ಕೈ ತೆಗೆದು ಕೊಟ್ಟರು. ಟ್ರಕ್ ಹೊರಟುಹೋಯಿತು. ಹಿಂದಿನ ಸೀಟಿನಲ್ಲಿದ್ದ ಬ್ರಿನ್‌ಳ ರಬ್ಬರ್ ಬೂಟುಗಳೂ ಅದರ ಜೊತೆ ಹೋದವು.

ಅಮ್ಮನಿಗೆ ತಡೆಯಲಾಗಲಿಲ್ಲ. ಕಾಗದದಲ್ಲಿ ಮೇ ತಿಂಗಳು ಅಂತ ಇದೆ, ನಾಳೆಯೇ ಕಾಲೇಜಿನ ಆಫೀಸಿಗೆ ಹೋಗಿ ಹೇಳುತ್ತೇನೆ ಎಂದು ಹಟ ಹಿಡಿದರು.

"ಹೋಗ್ಬೇಡ," ಎಂದಳು ಲೇನಿ. "ಕಾಗದದಲ್ಲಿ ಇರೋದು ಬಿಟ್ಟು ಬೇರೆ ಯಾವ ಮಾತೂ ಆಗಿಲ್ಲ ಅಂತ ಸೈನ್ ಮಾಡಿರೋಳು ನಾನು. ಬಾಗಿಲಲ್ಲಿ ಆದ ಮಾತು ಹೊರಗೆ ಬಂದ್ರೆ ಸುಳ್ಳು ಹೇಳಿದ್ದು ನಾನು ಅಂತಾಗುತ್ತೆ. ಸ್ಕಾಲರ್‌ಶಿಪ್ಪೂ ಹೋಗುತ್ತೆ."

ಅಪ್ಪ ತಮ್ಮ ಬಲಗೈಯನ್ನೇ ನೋಡುತ್ತಾ ಕೂತಿದ್ದರು. ಅಷ್ಟು ಕೈ ಕುಲುಕಿದ್ದ ಮನುಷ್ಯ ಆ ಸಂಜೆ ಯಾರ ಮುಖವನ್ನೂ ನೋಡಲಿಲ್ಲ.

ಅಮ್ಮ ಈಗ ಬೆಳಿಗ್ಗೆ ಐದಕ್ಕೇ ಪಕ್ಕದ ಮನೆಯವರ ಕಾರಿನಲ್ಲಿ ಹೊರಡುತ್ತಿದ್ದರು. ಬ್ರಿನ್ ತಾನೇ ಬಟ್ಟಲಿನ ಕಾರ್ನ್‌ಫ್ಲೇಕ್ಸ್‌ಗೆ ಹಾಲು ಸುರಿದುಕೊಂಡು ತಿಂದು ಬಸ್ಸಿಗೆ ಓಡುತ್ತಿದ್ದಳು. ಎಲ್ಲ ಹಾಳು ಮಾಡಿದ್ದು ತಾನೇ ಎಂದು ಅವಳಿಗೆ ದಿನವೂ ಅನ್ನಿಸುತ್ತಿತ್ತು.

ಅಕ್ಟೋಬರ್ ಕೊನೆಯಲ್ಲಿ ಬೋರ್ಡಿನ ಮೇಲೆ ಬೇರೆ ಹುಡುಗಿ ಬಂದಳು. ಅದೇ ಕಾಲೇಜು, ಅದೇ ಟ್ರಕ್, ಕೂದಲು ಮಾತ್ರ ಕಪ್ಪು. ಬಸ್ಸಿನ ಮಕ್ಕಳು ಎಂದಿನಂತೆ ಗಾಜಿಗೆ ಕೈ ಒತ್ತಿದರು. ಬ್ರಿನ್‌ಳ ಕೈಯೂ ಅಭ್ಯಾಸಬಲದಿಂದ ಮೇಲೆ ಹೋಯಿತು. ಅವಳು ಅದನ್ನು ಕೆಳಗಿಳಿಸಿ ಜಾಕೆಟ್ಟಿನ ಜೇಬಿಗೆ ತುರುಕಿಕೊಂಡಳು. ಕಾರ್ಸನ್ ಅದನ್ನು ನೋಡಿ ತನ್ನ ಕೈಯನ್ನೂ ಗಾಜಿನಿಂದ ತೆಗೆದ.

ಬೋರ್ಡಿನಿಂದ ಇಳಿಸಿದ ಹಳೇ ಹಾಳೆಗಳನ್ನು ನಮ್ಮಲ್ಲಿ ಎಸೆಯುವುದಿಲ್ಲ. ಒಳ್ಳೇ ದಪ್ಪ ಪ್ಲಾಸ್ಟಿಕ್, ನೀರು ಸೋರುವುದಿಲ್ಲ. ರೈತರು ಹುಲ್ಲಿನ ಬಣವೆಗೋ ಹಂದಿಗೂಡಿಗೋ ಹೊದಿಸಲು ಕೊಳ್ಳುತ್ತಾರೆ. ಒಂದು ಶನಿವಾರ ಅಪ್ಪ ಗೋದಾಮಿನಿಂದ ಅಂಥದೊಂದು ಸುರುಳಿ ತಂದು, ಹಿತ್ತಲಿನ ಸೌದೆ ರಾಶಿಗೆ ಅದರ ಕಪ್ಪು ಹಿಂಬದಿ ಮೇಲಾಗಿ ಹೊದಿಸಿದರು. ಹಳೇ ಹೊದಿಕೆ ಇನ್ನೂ ಚೆನ್ನಾಗಿತ್ತಲ್ಲ ಎಂದು ಬ್ರಿನ್ ಕೇಳಿದಳು.

"ಬೇರೆಯವರ ಹಂದಿಗೂಡಿನ ಮೇಲೆ ಹೋಗೋದು ಬೇಡ ಅನ್ನಿಸ್ತು," ಎಂದರು ಅಪ್ಪ.

ಮಧ್ಯಾಹ್ನ ಗಾಳಿ ಎದ್ದಿತು. ಹೊದಿಕೆಯ ಒಂದು ಮೂಲೆ ಹಾರಿ ಮಗುಚಿಕೊಂಡು ಪಟಪಟ ಬಡಿಯತೊಡಗಿತು. ಬ್ರಿನ್ ಓಡಿಹೋಗಿ ಅದನ್ನು ಹಿಡಿದಳು. ಅವಳ ಮುಖದ ಎದುರಿಗೆ ಬಾಗಿಲಗಲದ ಒಂದು ಮಂಡಿ ಇತ್ತು. ಲೇನಿಯ ಬಲ ಮಂಡಿ, ಕಪ್ಪು ಪ್ಯಾಡು. ಬಸ್ಸಿನಿಂದ ಎಷ್ಟು ಸಲ ನೋಡಿದ್ದಳು, ಆಗ ಕಂಡಿರಲಿಲ್ಲ. ಪ್ಯಾಡಿನ ಕೆಳಗಿನಿಂದ ಬಿಳೀ ಟೇಪಿನ ಅಂಚು ಇಣುಕುತ್ತಿತ್ತು. ಒಂದು ಸುತ್ತಲ್ಲ, ಮೂರು ನಾಲ್ಕು ಸುತ್ತು.

ಆ ಫೋಟೋ ತೆಗೆದದ್ದು ಆಗಸ್ಟ್‌ನಲ್ಲಿ. ಟ್ರಕ್ ಮನೆಗೆ ಬರುವುದಕ್ಕಿಂತ ಮುಂಚೆ.

ಹಿಂದೆ ಊರುಗೋಲಿನ ಸದ್ದಾಯಿತು. ಲೇನಿ ಬಂದು ನಿಂತು ತನ್ನದೇ ಮಂಡಿಯನ್ನು ನೋಡಿದಳು. ತಂಗಿಯನ್ನೂ ನೋಡಿದಳು.

"ಆಗ್ಲೇ ನೋಯ್ತಿತ್ತಾ?" ಎಂದು ಕೇಳಿದಳು ಬ್ರಿನ್.

ಲೇನಿ ಹೌದೆಂದು ತಲೆಯಾಡಿಸಿದಳು. ಬ್ರಿನ್‌ಗೆ ಆ ಗುಟ್ಟು ಮೂರು ಭಾನುವಾರಕ್ಕೇ ಅಷ್ಟು ಭಾರವಾಗಿತ್ತು. ಲೇನಿ ಆಗಸ್ಟ್‌ನಿಂದಲೂ ಅದನ್ನು ಒಬ್ಬಳೇ ಹೊತ್ತುಕೊಂಡು ಜಿಗಿದಿದ್ದಳು.

"ಆ ಕಡೆ ಹಿಡ್ಕೋ, ಬ್ರಿನ್ನಿ," ಎಂದಳು ಲೇನಿ. "ನಂಗೆ ಬಗ್ಗೋಕೆ ಆಗಲ್ಲ."

ಬ್ರಿನ್ ಹಿಡಿದುಕೊಂಡಳು. ಇಬ್ಬರೂ ಸೇರಿ ಮೂಲೆಯನ್ನು ಮಗುಚಿ ಕೆಳಗೆಳೆದರು. ಬ್ರಿನ್ ಅದರ ಮೇಲೆ ಒಂದು ಇಟ್ಟಿಗೆ ಇಟ್ಟಳು, ಆಮೇಲೆ ಹೋಗಿ ಇನ್ನೊಂದು ತಂದಳು.