ಮದರಂಗಿಯೊಳಗಿನ ಹೆಸರು

"ನಿಲ್ಲಿ! ಇದರಾಚೆ ಹೆಂಗಸರು ಮಾತ್ರ. ನೀವೂ ಬರುವ ಹಾಗಿಲ್ಲ, ನಿಮ್ಮ ಕ್ಯಾಮರಾವೂ ಬರುವ ಹಾಗಿಲ್ಲ!"

ಮೂಡುಬಿದಿರೆಯ ಮದುವೆ ಹಾಲ್‌ನಲ್ಲಿ ಹೆಗಲಿಗೆ ತನ್ನ ಕ್ಯಾಮರಾ ಹಾಕಿಕೊಂಡು ಪರದೆಗೆ ಅಡ್ಡವಾಗಿ ನಿಂತಿದ್ದಳು ರಾಫಿಯಾ. ಎದುರಿಗೆ, ಬೆವರಿನಲ್ಲಿ ತೊಯ್ದ ಯುವಕನೊಬ್ಬ.

"ಒಳಗೆ ಬರ್ಲಿಕ್ಕೆ ಅಲ್ಲ ಮಾರಾಯ್ರೆ! ನನ್ನ ಬ್ಯಾಟರಿ ಚಾರ್ಜ್ ಮುಗಿಯಿತು. ಮದುಮಗ ಹಾರ ಹಾಕಿಕೊಂಡು ಗೊಂಬೆಯ ಹಾಗೆ ಕೂತಿದ್ದಾನೆ. ಒಂದು ಬ್ಯಾಟರಿ ಉಂಟಾ?"

ರಾಫಿಯಾಗೆ ನಗು ತಡೆಯಲಾಗಲಿಲ್ಲ. ಅವಳು ಬ್ಯಾಗಿನಿಂದ ಬ್ಯಾಟರಿ ತೆಗೆದು ಕೊಟ್ಟಳು. ಅದನ್ನು ತೆಗೆದುಕೊಂಡವನು ಒಂದು ಕ್ಷಣ ಹೆಚ್ಚೇ ನಿಂತ. ಅವಳೂ ಅದನ್ನು ಗಮನಿಸಿದಳು...

ಅವನು ಇಹ್ಸಾನ್. ಬಿ.ಸಿ.ರೋಡಿನಲ್ಲಿ ಸಣ್ಣ ಸ್ಟುಡಿಯೋ ಇಟ್ಟವನು. ಆಮೇಲೆ ಒಂದು ವರ್ಷ ಎಷ್ಟೋ ಮದುವೆಗಳಲ್ಲಿ ಗಂಡಸರ ಕಡೆ ಅವನು, ಹೆಂಗಸರ ಕಡೆ ಅವಳು. ಉಜಿರೆಯ ರಾಫಿಯಾಗೆ ಫೋಟೋ ತೆಗೆಯುವುದು ಗೊತ್ತಿತ್ತು, ವ್ಯಾಪಾರ ಗೊತ್ತಿರಲಿಲ್ಲ. ಅದನ್ನು ಅವನೇ ಹೇಳಿಕೊಟ್ಟ. ಫೋಟೋಗಳನ್ನು ಎರಡು ಮೆಮೊರಿ ಕಾರ್ಡಿನಲ್ಲಿ ಒಟ್ಟಿಗೆ ಸೇವ್ ಮಾಡು. ಯಾವ ಕೆಲಸ, ಯಾವ ದಿನ ಎಂದು ಬರೆದು ಸಹಿ ಹಾಕಿಸಿಕೋ. ಮಳೆಗಾಲದಲ್ಲಿ ಮದುವೆ ಇಲ್ಲವೆಂದು ಸುಮ್ಮನೆ ಕೂರಬೇಡ, ಮಕ್ಕಳ ಫೋಟೋ ತೆಗಿ.

ಒಂದು ಮಾತನ್ನು ಮಾತ್ರ ಅವಳು ಕೇಳಲಿಲ್ಲ.

"ನೆಟ್ಟಿನಲ್ಲಿ ಒಂದು ಪೇಜ್ ಮಾಡು ರಾಫಿಯಾ. ಕೆಲಸ ತೋರಿಸದೆ ಯಾರು ಕರೀತಾರೆ?"

"ನಾನು ತೋರಿಸುವುದಿಲ್ಲ ಅಂತಲೇ ನನ್ನನ್ನು ಕರೆಯುವುದು ಇಹ್ಸಾನ್! ಹೆಂಗಸರು ತಲೆಯ ಮೇಲಿನ ಶಾಲು ತೆಗೆದು ನನ್ನ ಮುಂದೆ ನಗ್ತಾರೆ. ಆ ನಗು ಅವರ ಮನೆಯ ಆಲ್ಬಮ್‌ಗೆ ಮಾತ್ರ. ಇದು ನಾನು ಅವರಿಗೆ ಕೊಟ್ಟ ಮಾತು."

"ಆಯ್ತು, ನಿನ್ನ ಮಾತು ದೊಡ್ಡದು" ಎಂದು ಅವನು ನಕ್ಕಿದ್ದ.

ಅವಳು ಅವನನ್ನು ನಂಬಿದಳು. ನಂಬಿದ್ದಕ್ಕೇ ಬೆಳ್ತಂಗಡಿಯ ಶಹರ್ಬಾನುವಿನ ಮದರಂಗಿ ಮುಗಿದ ಮರುದಿನ ಒಂದು ಫೋಟೋ ಅವನಿಗೆ ಕಳಿಸಿದಳು. ಬರೀ ಎರಡು ಕೈಗಳು, ಮುಖ ಇಲ್ಲ. ಮದುಮಗಳಿಗೆ ತನ್ನ ಕಡೆಯಿಂದ ಉಡುಗೊರೆಯಾಗಿ ಅವನ ಸ್ಟುಡಿಯೋದಲ್ಲಿ ಫ್ರೇಮ್ ಹಾಕಿಸುವ ಆಸೆ ಅವಳಿಗೆ.

ನಿಕಾಹ್ ದಿನ ಅವಳು ಹಾಲ್‌ಗೆ ಕಾಲಿಟ್ಟಾಗ ಮದುಮಗಳ ಕೋಣೆಯಿಂದ ಅಳು ಕೇಳಿಸಿತು.

ಶಹರ್ಬಾನುವಿನ ತಾಯಿ ಖದೀಜ ಬಾಗಿಲಲ್ಲೇ ಮೊಬೈಲ್ ಚಾಚಿದರು. "ಇದೆಂತ ಮೋಳೇ?" ಎಂದರು, ಸ್ವಂತ ಮಗಳನ್ನು ಕರೆಯುವ ಹಾಗೆಯೇ.

ಅದೇ ಕೈಗಳು! ಇಹ್ಸಾನ್‌ನ ಸ್ಟುಡಿಯೋದ ಪೇಜಿನಲ್ಲಿ!

ಬಲ ಅಂಗೈಯ ಬಳ್ಳಿಯ ನಡುವೆ ಮದುಮಗನ ಹೆಸರನ್ನು ಅಡಗಿಸಿ ಬರೆದಿದ್ದರು. ಮದುವೆಯಾದ ಮೇಲೆ ಅವನು, ಅವನೊಬ್ಬನೇ, ಅವಳ ಕೈ ಹಿಡಿದು ಹುಡುಕಬೇಕಾದ ಹೆಸರು. ಅವನ ದುಬೈಯ ಗೆಳೆಯರು ಫೋಟೋ ದೊಡ್ಡದು ಮಾಡಿ ನೋಡಿ, 'ಅಝೀಮ್, ಸಿಕ್ಕಿತು ನಿನ್ನ ಹೆಸರು' ಎಂದು ಗ್ರೂಪಿಗೆಲ್ಲ ಹಂಚಿದ್ದರು.

"ಗೊತ್ತಿಲ್ಲದ ಗಂಡಸರೆಲ್ಲ ನನ್ನ ಕೈ ನೋಡಿದ್ರು..." ಶಹರ್ಬಾನು ಬಿಕ್ಕಿದಳು. "ನಿಮ್ಮನ್ನು ನಂಬಿದ್ದೆ ನಾನು."

ಖದೀಜ ಮೆಲ್ಲಗೆ ಹೇಳಿದರು, "ಇವತ್ತಿನ ಕೆಲಸ ಮುಗಿಸು. ಬರುವ ತಿಂಗಳು ನನ್ನ ತಂಗಿಯ ಮಗಳ ಮದುವೆಗೆ ಬೇರೆಯವರನ್ನು ನೋಡ್ತೇವೆ."

ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ರಾಫಿಯಾ ಅಂದು ಕೊನೆಯ ಅತಿಥಿ ಹೋಗುವವರೆಗೂ ಫೋಟೋ ತೆಗೆದಳು.

ಮರುದಿನ ಬಿ.ಸಿ.ರೋಡಿನ ಅಂಗಡಿಯಲ್ಲಿ ಇಹ್ಸಾನ್ ಎದ್ದು ನಿಲ್ಲುವ ಮೊದಲೇ ಕೇಳಿದಳು, "ಯಾಕೆ?"

"ಮುಖ ಇರ್ಲಿಲ್ಲ ಅಲ್ವಾ ರಾಫಿಯಾ... ಆ ಹೆಸರು ನನಗೆ ಕಾಣ್ಲೇ ಇಲ್ಲ. ಕೆಳಗೆ ನಿನ್ನ ಹೆಸರು, ನಿನ್ನ ನಂಬರ್ ಹಾಕಿದ್ದೆ. ನನ್ನದಲ್ಲ! ಅಷ್ಟು ಚಂದದ ಫೋಟೋ... ನಾಲ್ಕು ಜನ ನಿನ್ನನ್ನು ಕರೆಯಲಿ ಅಂತ—"

"ನನ್ನನ್ನು ಕೇಳಿದ್ಯಾ?"

"ಇಲ್ಲ."

"ನಿನ್ನ ಲಾಭಕ್ಕೆ ಹಾಕಿದ್ದರೆ ಕಳ್ಳ ಅಂತ ಬೈದು ಮರೆಯುತ್ತಿದ್ದೆ. ನನ್ನ ಒಳ್ಳೆಯದಕ್ಕೆ ಅಂತ ನನ್ನ ಮಾತನ್ನೇ ಮುರಿದೆಯಲ್ಲ... ಅದನ್ನು ಹೇಗೆ ಮರೆಯುವುದು?"

ಅವಳು ಹೊರಟುಹೋದಳು. ಪುಂಜಾಲಕಟ್ಟೆ ದಾಟುವವರೆಗೂ ಬಸ್ಸಿನ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಪಕ್ಕದ ಸೀಟಿನ ಅಜ್ಜಿಗೆ ಕಣ್ಣೀರು ಕಾಣಬಾರದಲ್ಲ!

ಎಂಟು ದಿನ ಅವನ ಒಂದು ಕರೆಯನ್ನೂ ಎತ್ತಲಿಲ್ಲ. ಉಳಿದವರ ಕರೆಗಳು ಹೆಚ್ಚು ಬರಲೂ ಇಲ್ಲ.

ಒಂಬತ್ತನೆಯ ದಿನ ಖದೀಜ ಫೋನ್ ಮಾಡಿದರು.

"ಆ ಸ್ಟುಡಿಯೋದ ಹುಡುಗ ಬಂದಿದ್ದ ಮೋಳೇ, ಅವನನ್ನು ಹೆತ್ತ ಉಮ್ಮನನ್ನು ಕರ್ಕೊಂಡು. ಬಿಸಿಲಲ್ಲೇ ಅಂಗಳದಲ್ಲಿ ನಿಂತ. 'ಅವಳು ಫ್ರೇಮ್‌ಗೆ ಮಾತ್ರ ಕೊಟ್ಟದ್ದು, ಹಾಕಿದ್ದು ನಾನು' ಅಂತ ನನ್ನ ಯಜಮಾನರ ಹತ್ತಿರ, ಅಝೀಮ್ ಹತ್ತಿರ ಹೇಳಿದ. ನೀನು ಅವತ್ತು ಅವನ ಮೇಲೆ ತಪ್ಪು ಹಾಕ್ಲೇ ಇಲ್ಲವಲ್ಲ?"

"ಫೋಟೋ ಕೊಟ್ಟದ್ದು ನಾನೇ ಅಲ್ವಾ..."

"ಹೌದು, ಅದು ನಿನ್ನ ತಪ್ಪೇ. ಇನ್ನು ಮಾಡ್ಬೇಡ." ಮತ್ತೆ ಅಂದರು, "ತಂಗಿಯ ಮಗಳ ಮದುವೆಗೆ ನೀನೇ ಬಾ. ಶಹರ್ಬಾನು ಹೇಳಿದ್ದು."

ಫೋನ್ ಇಟ್ಟವಳು ನಿಕಾಹ್ ದಿನದ ನಂತರ ಮೊದಲ ಬಾರಿಗೆ ಅವನ ಪೇಜ್ ತೆರೆದಳು. ಎಲ್ಲಕ್ಕಿಂತ ಮೇಲೆ ಒಂದು ಬರಹ ಕಂಡಿತು: 'ಒಬ್ಬ ಮದುಮಗಳ ಫೋಟೋವನ್ನು ಯಾರ ಒಪ್ಪಿಗೆಯೂ ಇಲ್ಲದೆ ಇಲ್ಲಿ ಹಾಕಿದ್ದೆ. ತಪ್ಪು ನನ್ನದು, ಫೋಟೋ ತೆಗೆದವರದಲ್ಲ.' ಅದರ ಕೆಳಗೆ, 'ಇಂಥವನನ್ನು ಮದುವೆಗೆ ಕರೆಯಬೇಡಿ' ಎಂದು ಎಷ್ಟೋ ಜನ ಬರೆದಿದ್ದರು. ಅವನು ಒಂದನ್ನೂ ಅಳಿಸಿರಲಿಲ್ಲ.

ಈ ಕಸುಬಿನಲ್ಲಿ ಹೀಗೆ ಬರೆದುಕೊಂಡವನ ಗತಿ ಏನೆಂದು ಅವಳಿಗೆ ಗೊತ್ತು. ಅವನಿಗೂ ಗೊತ್ತಿತ್ತು!

ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಅವಳನ್ನು ಕಂಡು ಇಹ್ಸಾನ್ ತಡವರಿಸಿದ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನಿನ್ನ ಕ್ಷಮೆಗಾಗಿ ಮಾಡಿದ ಹಾಗೆ ಆಗ್ತಿತ್ತು."

"ಎರಡು ಮದುವೆ ಕೈ ತಪ್ಪಿತಂತೆ?"

"ಮೂರು" ಎಂದ. ನಗಲು ನೋಡಿದ, ಆಗಲಿಲ್ಲ.

"ನನಗೆ ಇನ್ನೂ ನೋವು ಉಂಟು ಇಹ್ಸಾನ್. ಒಂದು ದಿನದಲ್ಲಿ ಹೋಗುವಂಥದ್ದಲ್ಲ."

"ಇರಲಿ. ಎಷ್ಟು ದಿನವಾದರೂ ಕಾಯ್ತೇನೆ." ಅವನು ತಲೆ ತಗ್ಗಿಸಿದ. "ರಾಫಿಯಾ... ಹೆಣ್ಣು ಕೇಳ್ಲಿಕ್ಕೆ ಉಮ್ಮನನ್ನು ನಿಮ್ಮ ಮನೆಗೆ ಕಳಿಸ್ಬೇಕು ಅಂತ ನನಗೆ ತುಂಬ ದಿನದಿಂದ ಆಸೆ. ನಿನ್ನನ್ನು ಕೇಳದೆ ಕಳಿಸುವುದಿಲ್ಲ. ಕೇಳ್ತಿದ್ದೇನೆ."

ರಸ್ತೆಯಲ್ಲಿ ಧರ್ಮಸ್ಥಳದ ಬಸ್ಸು ಹಾರ್ನ್ ಹಾಕುತ್ತಾ ಹೋಯಿತು. ಅವಳು ಅದರ ಕಡೆ ನೋಡಿ, ಮತ್ತೆ ಅವನ ಕಡೆ ತಿರುಗಿದಳು.

"ಈಗ ಬೇಡ."

ಅವನ ಮುಖ ಬಾಡಿತು.

"ಖದೀಜರ ತಂಗಿಯ ಮಗಳ ಮದುವೆ ಆಗಲಿ. ಆ ಹೆಂಗಸರು ನನ್ನ ಮುಂದೆ ಮತ್ತೆ ನಗಲಿ. ಆಮೇಲೆ ಬರುವ ಶುಕ್ರವಾರ ನಿನ್ನ ಉಮ್ಮನನ್ನು ಕಳಿಸು."

"ನಿಜವಾ?!"

"ನನ್ನ ಉಮ್ಮನಿಗೆ ಕೋಪ ಇನ್ನೂ ಇಳಿದಿಲ್ಲ. ಬೈತಾರೆ."

"ಬೈಯಲಿ. ನಾನೂ ಬಂದು ಕೂತು ಕೇಳ್ಲಾ?"

ರಾಫಿಯಾಳ ಕಣ್ಣು ತುಂಬಿತು, ತುಟಿಯಂಚು ಅರಳಿತು.

"ಬಾ" ಎಂದಳು.